ನನ್ನ ಗ್ರಹ ಸೂರ್ಯನೊಳಗೆ ಬೀಳುತ್ತದೆ

ಜನವರಿ ೮, ಗುರುವಾರ

ಇವತ್ತು ನನ್ನ ಗ್ರಹ ಸೂರ್ಯನೊಳಗೆ ಬಿದ್ದುಹೋಯಿತು. ಹಾಡಹಗಲಲ್ಲೇ, ಇಡೀ ತರಗತಿಯ ಎದುರಿಗೆ.

ಗುರುವಾರ ಅಂದರೆ ಬೋರ್ಡಿನ ದಿನ. ಮೆಕ್ಯಾನಿಕ್ಸಿನ ಮೇಷ್ಟ್ರು ಅಂದು ಪಾಠ ಮಾಡುವುದಿಲ್ಲ. ಕೊನೆಯ ಬೆಂಚಿಗೆ ಹೋಗಿ ಕೂತು, ಒಬ್ಬರನ್ನು ಬೋರ್ಡಿಗೆ ಕಳಿಸಿ, ಒಂದು ಲೆಕ್ಕ ಹೇಳುತ್ತಾರೆ. ಕೈಯಲ್ಲಿ ಕಾಗದ ಇರಕೂಡದು. ಬರೆದದ್ದನ್ನು ಅಳಿಸಬೇಕಾದರೆ ಯಾಕೆ ಅಳಿಸುತ್ತೇನೆಂದು ಮೊದಲು ಬಾಯಿಬಿಟ್ಟು ಹೇಳಬೇಕು, ಆಮೇಲೆ ಡಸ್ಟರ್ ಮುಟ್ಟಬೇಕು. ಸರಿಯಿದ್ದರೂ ತಪ್ಪಿದ್ದರೂ ಅವರ ಬಾಯಿಂದ ಬರುವುದು ಒಂದೇ, 'ಹೂಂ'. ಹಾಗಾಗಿ ಅವರಿಗೆ ಹೂಂ ಮೇಷ್ಟ್ರು ಎಂದೇ ಹೆಸರು. ಬೈಯುವವರ ಹತ್ತಿರ ಹೇಗೋ ಬದುಕಬಹುದು, ಹೂಂ ಅನ್ನುವವರ ಹತ್ತಿರ ಕಷ್ಟ.

ಲೆಕ್ಕ ಸುಲಭದ್ದು. ಸೂರ್ಯನ ಸುತ್ತ ಒಂದು ಗ್ರಹ ತಿರುಗುತ್ತಿದೆ, ಅದರ ದೂರ ಹೇಗೆ ಬದಲಾಗುತ್ತದೆ ಎಂದು ಸಮೀಕರಣ ತೆಗೆಯಬೇಕು. ಲಗ್ರಾಂಜಿಯನ್ ಬರೆದೆ. ಅಂದರೆ ಚಲನೆಯ ಶಕ್ತಿಯಿಂದ ಸ್ಥಾನದ ಶಕ್ತಿಯನ್ನು ಕಳೆದದ್ದು. ಅದೊಂದು ಸಾಲು ಕೈಗೆ ಸಿಕ್ಕರೆ ಉಳಿದದ್ದೆಲ್ಲ ಅದರಿಂದಲೇ ಹುಟ್ಟುತ್ತದೆ. ಸಾಲು ಸಾಲಾಗಿ ಇಳಿದೆ. ಕೊನೆಯಲ್ಲಿ ನೋಡಿದರೆ, ತಿರುಗುವುದರಿಂದ ಗ್ರಹವನ್ನು ಹೊರಕ್ಕೆ ತಳ್ಳಬೇಕಾದ ಪದ ಒಳಕ್ಕೆ ಎಳೆಯುತ್ತಿದೆ. ಪ್ಲಸ್ ಇರಬೇಕಾದಲ್ಲಿ ಮೈನಸ್. ಸೂರ್ಯ ಎಳೆಯುತ್ತಾನೆ, ತಿರುಗಾಟವೂ ಎಳೆಯುತ್ತದೆ, ಇನ್ನೇನು ಗತಿ, ಬೀಳುತ್ತದೆ.

ಮೇಲಿಂದ ಓದಿದೆ. ಪ್ರತಿ ಸಾಲೂ ಸರಿ ಕಂಡಿತು. ಕೆಳಗಿಂದ ಓದಿದೆ. ಸರಿ ಕಂಡಿತು. ಮೇಷ್ಟ್ರು ಹೂಂ ಅಂದರು. ಬೆಲ್ಲಾಯಿತು. ಮುಂದಿನ ಬೆಂಚಿನ ಜುಟ್ಟು, ತಲೆಯ ಮೇಲೆ ಎತ್ತಿ ಕಟ್ಟಿದ ಕೂದಲಿನ ಜಾಣ ಹುಡುಗಿ, "ಆಂಟಿ, ನೀರು ಬೇಕಾ?" ಎಂದು ಬಾಟಲಿ ಕೊಟ್ಟಳು. ನನ್ನ ಮುಖ ಹಾಗಿತ್ತೆಂದು ಕಾಣುತ್ತದೆ.

ಈ ದಿನಚರಿ ಶುರುಮಾಡಿದ್ದು ಇದಕ್ಕೇ. ನನ್ನ ಮೇಲೆ ನಾನೇ ಒಂದು ಕಣ್ಣಿಡಬೇಕು.

ಜನವರಿ ೧೦, ಶನಿವಾರ

ಅದೇ ಲೆಕ್ಕವನ್ನು ಮನೆಯಲ್ಲಿ ಮತ್ತೆ ಮಾಡಿದೆ. ಹೊಸ ಹಾಳೆಯಲ್ಲಿ, ಹಳೆಯದನ್ನು ನೋಡದೆ. ಬಿತ್ತು. ಮುಖ ತೊಳೆದುಕೊಂಡು ಬಂದು ಮಾಡಿದೆ. ಬಿತ್ತು. ಪುಸ್ತಕದಲ್ಲಿ ಸರಿಯುತ್ತರ ಇದೆ, ಅಲ್ಲಿ ಗ್ರಹ ಬೀಳುವುದಿಲ್ಲ. ಆದರೆ ಅವರು ಬೇರೆ ದಾರಿಯಲ್ಲಿ ಹೋಗಿದ್ದಾರೆ. ನನ್ನ ದಾರಿಯಲ್ಲಿ ತಪ್ಪೆಲ್ಲಿದೆ ಎಂದು ಹುಡುಕಿದರೆ ತಪ್ಪೇ ಇಲ್ಲ.

ಇದನ್ನು ಬರೆದುಬಿಡುತ್ತೇನೆ, ಬೇರೆ ಯಾರಿಗೂ ಹೇಳುವಂತಿಲ್ಲ. ಅಮ್ಮನಿಗೆ ಮರೆವಿನ ಕಾಯಿಲೆ ಶುರುವಾದದ್ದು ಮರೆವಿನಿಂದ ಅಲ್ಲ. ತೋಳಿನಿಂದ. ಅಮ್ಮ ಟೈಲರ್. ಕಣ್ಣು ಮುಚ್ಚಿಕೊಂಡು ಅಂಗಿ ಹೊಲಿಯುತ್ತಿದ್ದವಳು. ಒಂದು ದಿನ ಒಂದು ಅಂಗಿಗೆ ತೋಳನ್ನು ಒಳಮೈ ಹೊರಗಾಗಿ ಹೊಲಿದಳು. ತೋರಿಸಿದೆ, ಬಿಚ್ಚಿದಳು, ಮತ್ತೆ ಹಾಗೇ ಹೊಲಿದಳು. ಮತ್ತೆ ಬಿಚ್ಚಿ, ಮತ್ತೆ ಹಾಗೇ. ಆಮೇಲೆ ಅಂಗಿಯನ್ನು ಎತ್ತಿ ಹಿಡಿದು ನೋಡಿ, "ನನಗೆ ಸರಿಯಾಗೇ ಕಾಣ್ತಿದೆಯಲ್ಲೇ" ಅಂದಳು.

ಅರವತ್ತಕ್ಕೆ ಅರಳುಮರಳು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಐವತ್ತೂ ತುಂಬಿರಲಿಲ್ಲ. ನನಗೀಗ ನಲವತ್ತನಾಲ್ಕು.

ನನಗೆ ಸರಿಯಾಗೇ ಕಾಣುತ್ತಿದೆ.

ಜನವರಿ ೧೩, ಮಂಗಳವಾರ

ಒಲೆಯ ಮೇಲೆ ಹಾಲಿಟ್ಟು ಮರೆತೆ. ಪಾತ್ರೆ ಸೀದುಹೋಯಿತು.

ಜನವರಿ ೧೪, ಬುಧವಾರ

ಹಾಲು ಎಲ್ಲರ ಮನೆಯಲ್ಲೂ ಉಕ್ಕುತ್ತದೆ ಎಂದು ಇವರು ಸಮಾಧಾನ ಹೇಳಿದರು. ಎಲ್ಲರ ಅಮ್ಮಂದಿರಿಗೂ ಆ ಕಾಯಿಲೆ ಇರುವುದಿಲ್ಲ.

ಜನವರಿ ೨೧, ಬುಧವಾರ

ಇವರ ಹತ್ತಿರ ಮುಚ್ಚಿಡುವುದು ಕಷ್ಟ. ಲಿಫ್ಟ್ ರಿಪೇರಿ ಮಾಡುವವರು. ಎಲ್ಲಿ ಸದ್ದು ಬದಲಾಯಿತೆಂದು ಕಿವಿಗೆ ಮೊದಲು ಗೊತ್ತಾಗುತ್ತದೆ. ಬೆಳಿಗ್ಗೆ ನಾನು ನನ್ನ ತಲೆಯನ್ನು ಪರೀಕ್ಷಿಸಲು ನೂರರಿಂದ ಏಳೇಳು ಕಳೆಯುತ್ತಾ ಹಲ್ಲುಜ್ಜುವುದನ್ನು ಬಾಗಿಲಿನಾಚೆಯಿಂದ ಕೇಳಿಸಿಕೊಂಡಿದ್ದಾರೆ. ಟೀ ಕುಡಿಯುವಾಗ ಕೇಳಿದರು. ಹೇಳಿದೆ. ಗ್ರಹದ ಕಥೆಯನ್ನೂ ತೋಳಿನ ಕಥೆಯನ್ನೂ ಸೇರಿಸಿ ಹೇಳಿದೆ. ಅವರು ನಗಲಿಲ್ಲ, ಅದರಿಂದಲೇ ಇನ್ನೂ ಹೆದರಿಕೆಯಾಯಿತು. ನಕ್ಕಿದ್ದರೆ ಜಗಳವಾಡಬಹುದಿತ್ತು.

"ಡಾಕ್ಟರ ಹತ್ರ ಹೋಗೋಣ," ಅಂದರು.

ಪರೀಕ್ಷೆ ಮುಗಿಯಲಿ, ಆಮೇಲೆ ಬರುತ್ತೇನೆ ಅಂದೆ. ಹೋದ ವರ್ಷ ಮೌಖಿಕ ಪರೀಕ್ಷೆಯಲ್ಲಿ ಬೋರ್ಡಿನ ಮುಂದೆ ಬಾಯಿ ಕಟ್ಟಿ ಫೇಲಾದೆ. ಈ ಸಲವೂ ಫೇಲಾದರೆ ವಿಶ್ವವಿದ್ಯಾಲಯದವರು ಹೆಸರು ತೆಗೆದುಹಾಕುತ್ತಾರೆ. ಶಾಲೆಯಲ್ಲಿ ಗಣಿತ ಹೇಳುತ್ತಿದ್ದವಳು, ಭೌತಶಾಸ್ತ್ರ ಓದುವುದು ಇಪ್ಪತ್ತು ವರ್ಷದ ಆಸೆ ಎಂದು ರಜೆ ಹಾಕಿ ಬಂದಿದ್ದೇನೆ. ತಲೆ ತಗ್ಗಿಸಿ ಅಲ್ಲಿಗೇ ಹೋಗಬೇಕು. ಅದನ್ನಾದರೂ ನುಂಗಿಕೊಳ್ಳಬಹುದು. ಆದರೆ ಈ ಪರೀಕ್ಷೆಯನ್ನು ನಾನು ಮನಸ್ಸಿನೊಳಗೆ ಬೇರೆಯೇ ತಕ್ಕಡಿಗೆ ಹಾಕಿದ್ದೇನೆ. ಪಾಸಾದರೆ ನನ್ನ ತಲೆ ನೆಟ್ಟಗಿದೆ. ಫೇಲಾದರೆ ಡಾಕ್ಟರು ಏನೂ ಹೇಳಬೇಕಾಗಿಲ್ಲ.

ಇವರಿಗೆ ಇಷ್ಟೆಲ್ಲ ಹೇಳಲಿಲ್ಲ. ಪರೀಕ್ಷೆ ಮುಗಿದ ವಾರವೇ ಬರುತ್ತೇನೆಂದು ಮಾತ್ರ ಮಾತು ಕೊಟ್ಟೆ.

ಮಧ್ಯಾಹ್ನ ಅಮ್ಮನನ್ನು ನೋಡಿಕೊಳ್ಳುವ ಆಯಾ ಊಟಕ್ಕೆ ಹೋಗಿದ್ದಾಗ ಅಮ್ಮನ ಕೋಣೆಗೆ ಹೋಗಬೇಕಾಯಿತು. ಸಾಧ್ಯವಾದಷ್ಟು ನಾನು ಆ ಕೋಣೆಗೆ ಹೋಗುವುದಿಲ್ಲ. ಅಮ್ಮ ಮಂಚದ ಅಂಚಿನಲ್ಲಿ ಕೂತು ಸೆರಗಿನ ತುದಿಯನ್ನು ಮಡಿಸಿ ಮಡಿಸಿ ಇಡುತ್ತಿದ್ದಳು. ನನ್ನನ್ನು ನೋಡಿ, "ಯಾರು ಬೇಕಾಗಿತ್ತು?" ಎಂದು ಮರ್ಯಾದೆಯಿಂದ ಕೇಳಿದಳು. ನಾನು ನಿನ್ನ ಮಗಳು ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. "ನನ್ನ ಮಗಳು ಸಣ್ಣವಳು" ಅಂದಳು. ನಾನು ಕೂಗಿದೆ. ನೋಡು, ಸರಿಯಾಗಿ ನೋಡು ಎಂದು ಅವಳ ಗದ್ದ ಹಿಡಿದು ತಿರುಗಿಸಿದೆ. ಹೆದರಿ ಅತ್ತಳು. ಆಯಾ ಓಡಿ ಬಂದು ನನ್ನನ್ನು ಹೊರಗೆ ಕಳಿಸಿದಳು.

ಜನವರಿ ೨೯, ಗುರುವಾರ

ಮೇಷ್ಟ್ರು ಕರೆಯಲಿಲ್ಲ. ಬೇರೊಬ್ಬನನ್ನು ಕರೆದರು. ಕರೆಯಬೇಡಿ ಕರೆಯಬೇಡಿ ಎಂದು ಬೆಂಚಿನ ಕೆಳಗೆ ಬೆರಳು ಹೆಣೆದುಕೊಂಡು ಕೂತಿದ್ದೆ, ಯಾವ ಲೆಕ್ಕ ನಡೆಯಿತೋ ಗೊತ್ತಿಲ್ಲ.

ಫೆಬ್ರವರಿ ೨, ಸೋಮವಾರ

ಗಾಯದ ಮೇಲೆ ಬರೆ. ಆಯಾಳ ಮಗಳಿಗೆ ಹೆರಿಗೆ ಹತ್ತಿರ, ಅವಳು ಹೊರಟಳು. ಬಾಣಂತನ ಮುಗಿಯುವವರೆಗೆ ಬರುವುದಿಲ್ಲ. ಬೆಳಿಗ್ಗೆ ನನ್ನ ತರಗತಿ ಇರುವಷ್ಟು ಹೊತ್ತು ಇವರು ಮನೆಯಲ್ಲಿದ್ದು ಮಧ್ಯಾಹ್ನದ ಪಾಳಿಗೆ ಹೋಗುವುದು, ಆಮೇಲೆ ಪೂರ್ತಿ ನಾನು ಅಂತಾಯಿತು. ಅಮ್ಮನನ್ನು ಒಬ್ಬಳೇ ಬಿಡುವಂತಿಲ್ಲ, ಬಾಗಿಲು ತೆಗೆದು ಹೊರಟುಬಿಡುತ್ತಾಳೆ. ಅಂದರೆ ನಾನು ಓದುವುದೂ ಆ ಕೋಣೆಯಲ್ಲೇ.

ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ, ಅಮ್ಮನಿಗೆ ಬೆನ್ನು ಹಾಕಿ ಕೂತೆ. ಬೆನ್ನಿನ ಹಿಂದೆ ಸೆರಗು ಮಡಿಸುವ ಸದ್ದು. ಒಂದು ಪುಟವೂ ತಲೆಗೆ ಹೋಗಲಿಲ್ಲ.

ಫೆಬ್ರವರಿ ೫, ಗುರುವಾರ

ಬೋರ್ಡಿಗೆ ಕರೆದರು. ಹೋದೆ. ಅರ್ಧ ಬರೆಯುವಷ್ಟರಲ್ಲಿ ಬಾಯಿ ಒಣಗಿತು. ಬರೆಯಬಲ್ಲೆ, ಮಾತಾಡಲಾರೆ. ಮೇಷ್ಟ್ರು ಮೊದಲ ಸಲ ಹೂಂ ಬಿಟ್ಟು ಒಂದು ವಾಕ್ಯ ಹೇಳಿದರು. "ಬರೆಯೋದು ಕೈ ಮಾಡುತ್ತಮ್ಮ, ಬಾಯಲ್ಲಿ ಹೇಳಿ." ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಬಾಯಿ ಇದು. ಈಗ ಒಂದು ಸಾಲು ಹೇಳಲು ಕೋಲು ಕೊಟ್ಟು ಎಬ್ಬಿಸಬೇಕು.

ಫೆಬ್ರವರಿ ೬, ಶುಕ್ರವಾರ

ಬಾಯಿ ಬಿಟ್ಟು ಹೇಳಿ ಅಭ್ಯಾಸ ಮಾಡಬೇಕು. ಗೋಡೆಗೆ ಹೇಳಿದರೆ ಹುಚ್ಚಿಯ ಹಾಗೆ ಕಾಣುತ್ತದೆ. ಕೋಣೆಯಲ್ಲಿ ಇರುವವಳು ಅಮ್ಮ ಒಬ್ಬಳೇ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣವಾದರೂ ಬೈಯುವುದಿಲ್ಲವಲ್ಲ ಎಂದುಕೊಂಡು ಕುರ್ಚಿ ಈಚೆಗೆ ತಿರುಗಿಸಿದೆ. ಹೀಗೆ ಬರೆದದ್ದಕ್ಕೆ ನಾಚಿಕೆಯಾಗುತ್ತಿದೆ, ಆದರೂ ಇರಲಿ.

ಒಂದು ಸೂರ್ಯ ಇದೆ, ಸುತ್ತ ಒಂದು ಗ್ರಹ ತಿರುಗುತ್ತಿದೆ ಎಂದು ಶುರುಮಾಡಿದೆ. ಅಮ್ಮ ಸೆರಗು ಬಿಟ್ಟು ಕೇಳಿದಳು. ಮುಗಿದ ಮೇಲೆ, "ಚೆನ್ನಾಗಿ ಹೇಳ್ತೀರಿ. ಯಾವ ಶಾಲೆ ನಿಮ್ಮದು?" ಎಂದಳು. ಹೆಸರು ಹೇಳಿದೆ.

ಫೆಬ್ರವರಿ ೧೦, ಮಂಗಳವಾರ

ಅಮ್ಮನಿಗೆ ಹೇಳುವುದರಲ್ಲಿ ಒಂದು ಅನುಕೂಲ, ನಿನ್ನೆ ಹೇಳಿದ್ದು ಅವಳಲ್ಲಿ ಉಳಿದಿರುವುದಿಲ್ಲ. 'ಆಗಲೇ ನೋಡಿದೆವಲ್ಲ' ಎಂದು ಹಾರಿಸುವಂತಿಲ್ಲ. ದಿನಾ ಸೂರ್ಯನಿಂದಲೇ ಶುರು. ನಡುವೆ ಅವಳ ಕಣ್ಣು ಅಲೆದಾಡಿದರೆ ಬಿಟ್ಟುಹೋಯಿತೆಂದು ಅರ್ಥ, ಮತ್ತೆ ಮೊದಲಿನಿಂದ.

ಇವತ್ತು ಬರೀ ಮಾತು ಸಾಲದೆಂದು ಒಂದು ಆಟಿಕೆ ಮಾಡಿದೆ. ರೀಫಿಲ್ ತೆಗೆದ ಪೆನ್ನಿನ ಕೊಳವೆಯಲ್ಲಿ ದಾರ ತೂರಿಸಿ, ಮೇಲಿನ ತುದಿಗೆ ರಬ್ಬರ್, ಕೆಳಗಿನ ತುದಿಗೆ ಬೀಗದ ಕೈಗೊಂಚಲು ಕಟ್ಟಿದೆ. ಕೊಳವೆ ಹಿಡಿದು ರಬ್ಬರನ್ನು ಗರಗರ ತಿರುಗಿಸಿದರೆ ಕೆಳಗಿನ ಗೊಂಚಲು ತಾನಾಗಿ ಮೇಲೇರುತ್ತದೆ. ಅಮ್ಮ ನಕ್ಕಳು. ತಾನೂ ತಿರುಗಿಸುತ್ತೇನೆಂದು ಕೈ ಚಾಚಿದಳು. ದಾರ ಹಿಡಿದದ್ದೇ ತಡ, ಆ ಬೆರಳುಗಳಿಗೆ ಎಲ್ಲ ಗೊತ್ತಿತ್ತು. ಗಂಟು ಸಡಿಲವಾಗಿದೆ ಎಂದು ಬಿಚ್ಚಿ ಬೇರೆ ಗಂಟು ಹಾಕಿಕೊಟ್ಟಳು.

ತಿರುಗುವುದು ಬೀಳುವುದಿಲ್ಲ. ಕಣ್ಣೆದುರಿಗೇ ಇದೆ. ನನ್ನ ಹಾಳೆಯಲ್ಲಿ ಮಾತ್ರ ಬೀಳುತ್ತದೆ. ಹಾಗಾದರೆ ಹಾಳೆಯಲ್ಲಿ ಏನಾದರೂ ಆಗಿದೆ, ಅಥವಾ ನನ್ನಲ್ಲಿ. ರಬ್ಬರು ತಿರುಗುವುದನ್ನು ನೋಡುತ್ತಾ ನೋಡುತ್ತಾ ಭಯ ಶುರುವಾಯಿತು. ಅಮ್ಮ ನಗುತ್ತಿದ್ದಳು, ಅದಕ್ಕೆ ನಿಲ್ಲಿಸಲಿಲ್ಲ.

ಫೆಬ್ರವರಿ ೧೨, ಗುರುವಾರ

ಇವತ್ತು ಜುಟ್ಟುವಿನ ಸರದಿ. ತರಗತಿಗೆ ಮೊದಲಿಗಳು, ಅವಳಿಗೆ ಬೋರ್ಡು ಅಂದರೆ ಅಂಗಳ. ಅವಳಿಗೆ ಬಂದದ್ದು ಸ್ಪ್ರಿಂಗಿಗೆ ಕಟ್ಟಿದ ಗುಂಡು, ಮೇಜಿನ ಮೇಲೆ ಸುತ್ತು ತಿರುಗುತ್ತಿರುವುದು. ಪಟಪಟ ಬರೆದಳು. ಕೋನೀಯ ಸಂವೇಗ ಬದಲಾಗುವುದಿಲ್ಲ ಅಂದಳು. ಎಷ್ಟು ದೂರದಲ್ಲಿ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂಬ ಲೆಕ್ಕ ಅದು, ಯಾರೂ ತಿರುಚದಿದ್ದರೆ ಹಾಗೇ ಉಳಿಯುತ್ತದೆ. ಸರಿ. ಅದನ್ನು ಎತ್ತಿ ಲಗ್ರಾಂಜಿಯನ್ನಿಗೆ ಹಾಕಿದಳು. ನಾನು ಹಾಕಿದ ಹಾಗೇ. ಕೊನೆಯ ಸಾಲು ಬಂತು.

ಮೈನಸ್.

ಅವಳು ಹಿಂದೆ ಸರಿದು ನೋಡಿದಳು. ಮೇಲಿಂದ ಓದಿದಳು. ಕೆಳಗಿಂದ ಓದಿದಳು. ಅವಳ ಕತ್ತಿನ ಹಿಂಭಾಗ ಕೆಂಪಾಗುವುದು ನನಗೆ ಕಾಣುತ್ತಿತ್ತು. "ಸರ್, ಸರಿಯಾಗೇ ಇದೆಯಲ್ಲ ಸರ್," ಅಂದಳು. ಮೇಷ್ಟ್ರು ಹೂಂ ಅಂದರು.

ಇಪ್ಪತ್ತೆರಡು ವರ್ಷ ಅವಳಿಗೆ. ಅವಳ ಅಮ್ಮ ಬ್ಯಾಂಕಿನಲ್ಲಿ ಇಡೀ ಶಾಖೆಯ ಲೆಕ್ಕ ನೋಡುವವರು, ದಿನಾ ಫೋನು ಮಾಡಿ ಮಗಳ ತಲೆ ತಿನ್ನುವವರು. ನನಗೆ ಹೊಟ್ಟೆಯೊಳಗಿಂದ ನಗು ಬಂತು. ಕೆಮ್ಮಿದ ಹಾಗೆ ಮಾಡಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ನಕ್ಕೆ, ಆಮೇಲೆ ಅತ್ತೆ. ಬೆಲ್ಲಾದ ಮೇಲೆ ಅವಳೂ ಬಂದು ಪಕ್ಕದಲ್ಲಿ ಕೂತು ಮೂಗು ಒರೆಸಿಕೊಂಡಳು. ನನ್ನದೂ ಇಲ್ಲೇ ಬಿದ್ದದ್ದು ಎಂದು ನೀರು ಕೊಟ್ಟೆ. ನಿಮಗೂ ಸರಿಯಾಗೇ ಕಂಡಿತಾ ಎಂದು ಕೇಳಿದಳು. ಹೌದು ಎಂದೆ. ಹೇಳುವಾಗ ಅದು ಮೊದಲಿನಷ್ಟು ಚುಚ್ಚಲಿಲ್ಲ.

ಆದರೂ ತಪ್ಪೆಲ್ಲಿ? ಇಬ್ಬರಿಗೂ ಗೊತ್ತಿಲ್ಲ.

ಫೆಬ್ರವರಿ ೧೪, ಶನಿವಾರ

ಸಿಕ್ಕಿತು. ಅವಸರಕ್ಕೆ ಬರೆಯುತ್ತಿದ್ದೇನೆ, ಅಕ್ಷರ ಓದಲು ಬಂದರೆ ನನ್ನ ಪುಣ್ಯ.

ಅಮ್ಮನಿಗೆ ಮಾಮೂಲಿನಂತೆ ಸೂರ್ಯನಿಂದ ಶುರುಮಾಡಿ ಹೇಳುತ್ತಿದ್ದೆ. ಅಮ್ಮನ ಎದುರು ನಾನು ಅವಸರ ಮಾಡುವುದಿಲ್ಲ. ದೂರ ಬದಲಾಗುತ್ತದೆ, ಅದಕ್ಕೊಂದು ಸಮೀಕರಣ. ಕೋನ ಬದಲಾಗುತ್ತದೆ, ಅದಕ್ಕೊಂದು ಸಮೀಕರಣ. ಎರಡನ್ನೂ ಅಕ್ಕಪಕ್ಕ ಇಟ್ಟು, ಆಮೇಲೆ ಬದಲಾಗದ ಸಂವೇಗವನ್ನು ತಂದು ಹಾಕಿದೆ. ಪ್ಲಸ್ ಬಂತು. ಹೊರಕ್ಕೆ ತಳ್ಳಿತು. ಗ್ರಹ ಉಳಿಯಿತು.

ಮೊದಲು ಒಂದೇ ಲೆಕ್ಕಕ್ಕೆ ಎರಡು ಉತ್ತರ ಅಂದರೆ ತಲೆ ಕೆಟ್ಟದ್ದು ಖಾತ್ರಿಯಾಯಿತೆಂದುಕೊಂಡೆ. ಎರಡು ಹಾಳೆಯನ್ನೂ ಅಮ್ಮನ ಮಂಚದ ಮೇಲೆ ಹರಡಿ ಸಾಲು ಸಾಲು ಹೋಲಿಸಿದೆ. ಎಲ್ಲ ಒಂದೇ, ಒಂದು ಹೆಜ್ಜೆಯ ಹಿಂದುಮುಂದು ಬಿಟ್ಟು. ಸಂವೇಗ ಬದಲಾಗುವುದಿಲ್ಲವೆಂದು ಗೊತ್ತಾದ ಕೂಡಲೇ ನಾನು ಅದನ್ನು ಲಗ್ರಾಂಜಿಯನ್ನಿನೊಳಗೆ ತುರುಕುತ್ತಿದ್ದೆ. ಆಮೇಲೆ ಸಮೀಕರಣ ತೆಗೆಯುತ್ತಿದ್ದೆ. ಹಾಗೆ ಮಾಡುವಂತಿಲ್ಲ. ಮೊದಲು ಎಲ್ಲವೂ ಬದಲಾಗಬಹುದೆಂದು ಬಿಟ್ಟು ಸಮೀಕರಣ ತೆಗೆಯಬೇಕು, ಬದಲಾಗದ್ದನ್ನು ಕೊನೆಗೆ ಹಾಕಬೇಕು. ಬಟ್ಟೆ ಕತ್ತರಿಸುವ ಮುಂಚೆಯೇ ಹೊಲಿಗೆ ಹಾಕಿದ ಹಾಗಾಗಿತ್ತು ನನ್ನ ಕೆಲಸ. ಪ್ರತಿ ಸಾಲೂ ಸರಿಯೇ. ಸಾಲುಗಳ ಸರದಿ ತಪ್ಪು. ಅದಕ್ಕೇ ಕಾಣುತ್ತಿರಲಿಲ್ಲ.

ಜುಟ್ಟುವಿಗೆ ಫೋನು ಮಾಡಿ ಹೇಳಿದೆ. ಆ ಕಡೆಯಿಂದ ಒಂದು ನಿಟ್ಟುಸಿರು. "ಅಕ್ಕಾ, ನಾನು ಎರಡು ದಿನದಿಂದ ನಿದ್ದೆ ಮಾಡಿಲ್ಲ," ಅಂದಳು. ಆಂಟಿ ಹೋಗಿ ಅಕ್ಕ ಆದದ್ದು ಫೋನಿಟ್ಟ ಮೇಲೆ ಹೊಳೆಯಿತು.

ಇದು ಕಾಯಿಲೆ ಅಲ್ಲದೆ ಇರಬಹುದು. ಇರಬಹುದು ಅಷ್ಟೇ. ಹಾಲು ಸೀದದ್ದಕ್ಕೆ ಉತ್ತರ ಇನ್ನೂ ಸಿಕ್ಕಿಲ್ಲ.

ಮಾರ್ಚ್ ೩, ಮಂಗಳವಾರ

ಆಯಾ ಫೋನು ಮಾಡಿದ್ದಳು. ಗಂಡು ಮಗು. ಬೇಕಾದರೆ ಮುಂದಿನ ವಾರ ಬರುತ್ತೇನೆ ಅಂದಳು. ಮಗು ನೋಡಿಕೊಂಡು ನಿಧಾನವಾಗಿ ಬಾ, ಇಲ್ಲಿ ನಡೆಯುತ್ತಿದೆ ಎಂದೆ. ಇವರು ತಟ್ಟೆಯಿಂದ ತಲೆಯೆತ್ತಿ ನೋಡಿದರು. ಅಮ್ಮನ ಹತ್ತಿರ ಓದಿದರೆ ಓದು ಹತ್ತುತ್ತದೆ, ಅದಕ್ಕೆ.

ಮಾರ್ಚ್ ೧೧, ಬುಧವಾರ

ಮೌಖಿಕದ ದಿನ ಗೊತ್ತಾಯಿತು. ಇದೇ ತಿಂಗಳ ಇಪ್ಪತ್ತಾರು. ಹೋದ ವರ್ಷ ನಿಂತಿದ್ದ ಅದೇ ಕೋಣೆ, ಅದೇ ಬೋರ್ಡು, ಮೂಲೆಯಲ್ಲಿ ಅದೇ ಬಿರುಕು. ಹೊರಗಿನಿಂದ ಪರೀಕ್ಷಕರು ಬರುತ್ತಾರಂತೆ.

ಅಮ್ಮನಿಗೆ ಎರಡು ದಿನದಿಂದ ಜ್ವರ. ಏನನ್ನೂ ಕೇಳಿಸಿಕೊಳ್ಳುವುದಿಲ್ಲ, ಸೆರಗನ್ನೂ ಮಡಿಸುವುದಿಲ್ಲ. ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಸೂರ್ಯನ ಕಥೆಯನ್ನೇ ಹೇಳಿದೆ, ಬೇರೆ ಕಥೆ ನನಗೆ ಬರುವುದಿಲ್ಲ.

ಮಾರ್ಚ್ ೧೩, ಶುಕ್ರವಾರ

ಜ್ವರ ಇಳಿಯಿತು. "ಟೀಚರೇ, ಇವತ್ತು ಪಾಠ ಇಲ್ವಾ?" ಅಂದಳು.

ಮಾರ್ಚ್ ೨೫, ಬುಧವಾರ

ನಾಳೆ. ಏನೂ ನೆನಪಿಲ್ಲ. ಒಂದು ಅಕ್ಷರವೂ ಇಲ್ಲ. ಇವರು ಎಣ್ಣೆ ಕೈಯಲ್ಲೇ ಬಂದು ಪಕ್ಕದಲ್ಲಿ ಕೂತರು. ಲಿಫ್ಟು ಕೆಟ್ಟು ನಡುವೆ ನಿಂತಾಗ ಒಳಗಿದ್ದವರು ಎಲ್ಲ ಬಟನ್ನೂ ಒತ್ತುತ್ತಾರಂತೆ, ಅದರಿಂದಲೇ ಇನ್ನೂ ತಡವಾಗುತ್ತದಂತೆ. "ಸುಮ್ನೆ ನಿಂತ್ಕೋ ಸ್ವಲ್ಪ ಹೊತ್ತು," ಅಂದರು. ನನ್ನನ್ನು ಲಿಫ್ಟಿಗೆ ಹೋಲಿಸಬೇಡಿ ಎಂದು ರೇಗಿದೆ.

ಮಾರ್ಚ್ ೨೬, ಗುರುವಾರ

ಎಲ್ಲ ಹಾಳಾಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಪರೀಕ್ಷಕಿ ನನಗಿಂತ ಚಿಕ್ಕವರು, ನೆಗಡಿಯಾಗಿತ್ತು, ಕರವಸ್ತ್ರ ಮೂಗಿಗೆ ಹಿಡಿದೇ ಪ್ರಶ್ನೆ ಕೇಳಿದರು. ಹೂಂ ಮೇಷ್ಟ್ರು ಮೂಲೆಯಲ್ಲಿ. ದಾರಕ್ಕೆ ಕಟ್ಟಿದ ಗುಂಡು, ಒಂದೇ ಗೆರೆಯಲ್ಲಿ ತೂಗಾಡುವುದಲ್ಲ, ಎಲ್ಲ ದಿಕ್ಕಿಗೂ ಸುತ್ತಿ ತೂಗುವ ಲೋಲಕ. ಅದು ನೆಟ್ಟನೆಯ ಗೆರೆಯಿಂದ ಎಷ್ಟು ಓರೆಯಾಗಿದೆ ಎಂಬುದಕ್ಕೆ ಮಾತ್ರ ಸಮೀಕರಣ ತೆಗೆಯಿರಿ ಅಂದರು.

ಸೀಮೆಸುಣ್ಣ ಹಿಡಿದೆ. ತಲೆ ಪೂರ್ತಿ ಬಿಳಿ. ಹೋದ ವರ್ಷದ ಹಾಗೇ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ, ಪರೀಕ್ಷಕಿ ಎರಡು ಸಲ ಸೀನಿದರು. ಆಮೇಲೆ ನನ್ನ ಬಾಯಿ ತಾನಾಗಿ ಹೇಳಿತು, "ನನಗೆ ಮರೆತುಹೋಗಿದೆ. ಮೊದಲಿಂದ ಹೇಳ್ತೀನಿ." ಪರೀಕ್ಷೆಯಲ್ಲಿ ಯಾರಾದರೂ ಹಾಗೆ ಹೇಳುತ್ತಾರೆಯೇ? ಹೇಳಿಬಿಟ್ಟೆ. ಒಂದು ಗುಂಡು ಇದೆ, ಅದನ್ನು ಒಂದು ದಾರ ಹಿಡಿದಿದೆ ಎಂದು ಶುರುವಾಯಿತು. ಶುರುವಾದ ಮೇಲೆ ನಿಲ್ಲಲಿಲ್ಲ.

ಆದರೆ ಅವಸರಕ್ಕೆ ಬಿದ್ದು ಮತ್ತೆ ಅದೇ ಹಳ್ಳಕ್ಕೆ ಬಿದ್ದೆ. ಗೊತ್ತಿದ್ದೂ ಗೊತ್ತಿದ್ದೂ ಬದಲಾಗದ್ದನ್ನು ಮೊದಲೇ ತುರುಕಿದೆ. ಕೊನೆಯ ಸಾಲಿನಲ್ಲಿ ಮೈನಸ್. ಪರೀಕ್ಷಕಿ ಮುಗಿಯಿತೇ ಎಂದು ಕೇಳಿದರು.

ಇಲ್ಲ ಎಂದೆ. ಇದು ನಿಜವಾದರೆ ಸುತ್ತುತ್ತಿರುವ ಗುಂಡನ್ನು ಅದರ ಸುತ್ತಾಟವೇ ನಡುವಿಗೆ ಎಳೆಯುತ್ತದೆ, ಗುಂಡು ಕುಸಿದು ನೇರ ಕೆಳಗೆ ಬಂದುಬಿಡುತ್ತದೆ. ಹಾಗೆ ಆಗುವುದಿಲ್ಲ, ನಾನು ಕೈಯಲ್ಲಿ ತಿರುಗಿಸಿ ನೋಡಿದ್ದೇನೆ ಎಂದೆ. ಬೆರಳು ಮೇಲಕ್ಕೆ ಜಾರಿಸಿಕೊಂಡು ಹೋಗಿ ನಾಲ್ಕನೇ ಸಾಲಿನ ಮೇಲೆ ನಿಲ್ಲಿಸಿದೆ. "ಇಲ್ಲಿ ಅವಸರ ಮಾಡಿದೆ. ಇಲ್ಲಿಂದ ಕೆಳಗೆ ಅಳಿಸ್ತೀನಿ," ಎಂದು ಹೇಳಿ ಡಸ್ಟರ್ ತಗೊಂಡೆ. ಸುಣ್ಣದ ಪುಡಿಗೆ ಪರೀಕ್ಷಕಿ ಮತ್ತೆ ಸೀನಿದರು. ಎರಡು ಸಮೀಕರಣ ತೆಗೆದು, ಆಮೇಲೆ ಹಾಕಿ, ಪ್ಲಸ್ ತಂದು ನಿಲ್ಲಿಸುವಷ್ಟರಲ್ಲಿ ಹೊತ್ತು ಮೀರಿತ್ತು. ಮುಂದಿನ ಪ್ರಶ್ನೆಗಳನ್ನು ಕೇಳಲೇ ಇಲ್ಲ.

ಮೂಲೆಯಿಂದ ಹೂಂ ಬಂತು.

ಒಂದೇ ಪ್ರಶ್ನೆ, ಅದರಲ್ಲೂ ಮರೆತೆ ಎಂದು ಒಪ್ಪಿಕೊಂಡೆ, ಅರ್ಧ ಬೋರ್ಡು ಅಳಿಸಿದೆ. ಫೇಲು. ಮನೆಗೆ ಬಂದು ಅಮ್ಮನಿಗೆ ಗಂಜಿ ಕುಡಿಸಿ, ಅವಳ ಕೂದಲು ಬಾಚಿ ಜಡೆ ಹಾಕಿದೆ. ಇವತ್ತು ಪಾಠ ಇಲ್ಲ ಎಂದೆ. ಸ್ವಲ್ಪ ಬೇಜಾರು ಮಾಡಿಕೊಂಡಳು.

ಏಪ್ರಿಲ್ ೧, ಬುಧವಾರ

ಮಾತು ಕೊಟ್ಟಂತೆ ಡಾಕ್ಟರ ಹತ್ತಿರ ಹೋದೆ. ಬಾಗಿಲನ್ನು ಇವರೇ ತೆಗೆದರು. ಡಾಕ್ಟರು ಗಡಿಯಾರದ ಚಿತ್ರ ಬರೆಸಿದರು. ಐದು ಪದ ಹೇಳಿ, ಬೇರೆ ಮಾತಾಡಿ, ಆಮೇಲೆ ಕೇಳಿದರು. ನಾಲ್ಕು ನೆನಪಿತ್ತು, ಒಂದು ಇಲ್ಲ. ನೂರರಿಂದ ಏಳೇಳು ಕಳೆಯಿರಿ ಅಂದರು. ಅದು ನಾನು ಹಲ್ಲುಜ್ಜುತ್ತಲೇ ಮಾಡುವ ಕೆಲಸ ಎಂದೆ. ಡಾಕ್ಟರು ನಕ್ಕರು.

ಹಾಲಿನ ವಿಷಯ ಕೇಳಿದೆ. ಆಗ ಏನು ಯೋಚಿಸುತ್ತಿದ್ದಿರಿ ಎಂದು ಕೇಳಿದರು. ಗ್ರಹ ಎಂದೆ. ಎಷ್ಟು ದಿನದಿಂದ ಸರಿಯಾಗಿ ನಿದ್ದೆ ಮಾಡಿಲ್ಲ ಎಂದರು.

ಕೊನೆಗೆ ಹೇಳಿದ್ದು ಇಷ್ಟು. "ಈಗ ನಿಮ್ಮಲ್ಲಿ 'ಆ ಕಾಯಿಲೆ' ಕಾಣಿಸ್ತಿಲ್ಲ. ಮುಂದೆ ಬರೋದೇ ಇಲ್ಲ ಅಂತ ಬರೆದುಕೊಡೋಕೆ ನನ್ನಿಂದ ಆಗಲ್ಲ. ವರ್ಷಕ್ಕೊಂದು ಸಲ ಬನ್ನಿ."

ಅಂದರೆ ಭಯಕ್ಕೂ ವರ್ಷಕ್ಕೊಂದು ಸಲ ಮುದ್ರೆ ಒತ್ತಿಸಿಕೊಂಡು ಬರಬೇಕು. ಇವರು ಬಸ್ಸಿನಲ್ಲಿ ಕೈ ಹಿಡಿದುಕೊಂಡೇ ಕೂತಿದ್ದರು. ನಾನು ಗಡಿಯಾರ ನೋಡುತ್ತಿದ್ದೆ. ಪಕ್ಕದ ಮನೆಯವರ ಹತ್ತಿರ ಅಮ್ಮನನ್ನು ಬಿಟ್ಟು ಬಂದಿದ್ದೆವು, ಅವಳಿಗೆ ದಾರ ಕಾಣದಿದ್ದರೆ ಕೈ ಚಡಪಡಿಸುತ್ತದೆ ಎಂದು ಅವರಿಗೆ ಹೇಳುವುದನ್ನು ಮರೆತಿದ್ದೆ. ಇದು ಯಾವ ಬಗೆಯ ಮರೆವೋ ಡಾಕ್ಟರನ್ನು ಕೇಳಬಹುದಿತ್ತು.

ಏಪ್ರಿಲ್ ೯, ಗುರುವಾರ

ಜುಟ್ಟು ನೋಟಿಸ್ ಬೋರ್ಡಿನ ಮುಂದಿನಿಂದಲೇ ಕೂಗಿದಳು. ನಾನು ಹತ್ತಿರ ಹೋಗಲಿಲ್ಲ. ಅವಳೇ ಬಂದು ತಬ್ಬಿಕೊಂಡಳು. ಪಾಸು. ಅವಳೂ ಪಾಸು, ನನಗಿಂತ ಬಹಳ ಮೇಲೆ. ಹೂಂ ಮೇಷ್ಟ್ರು ಮೆಟ್ಟಿಲಿಳಿಯುತ್ತಿದ್ದರು. ನಮಸ್ಕಾರ ಮಾಡಿದೆ. ನಿಂತು, ಏನೋ ಹೇಳುವವರಂತೆ ಬಾಯಿ ತೆಗೆದು, ಮನಸ್ಸು ಬದಲಾಯಿಸಿ ತಲೆಯಾಡಿಸಿ ಹೋದರು.

ತಕ್ಕಡಿಯ ಮಾತು ನೆನಪಾಯಿತು. ಪಾಸಾದರೆ ತಲೆ ನೆಟ್ಟಗಿದೆ ಎಂದು ಬರೆದಿದ್ದೆ. ಭಯ ಹೋಗಬೇಕಾಗಿತ್ತು. ಹೋಗಿಲ್ಲ.

ಮನೆಗೆ ಬಂದಾಗ ಅಮ್ಮ ಕಿಟಕಿಯ ಹತ್ತಿರ ಕೂತಿದ್ದಳು. ಇವರು ಪಾಳಿಗೆ ಹೊರಟರು, ಹೋಗುವಾಗ ನನ್ನ ತಲೆಯನ್ನೊಮ್ಮೆ ಮುಟ್ಟಿ ಹೋದರು. ನಾನು ಕುರ್ಚಿ ಎಳೆದುಕೊಂಡು ಅಮ್ಮನ ಎದುರಿಗೆ ಕೂತೆ. "ನಿಮ್ಮ ಮಗಳು ಪಾಸಾದಳು," ಎಂದೆ.

ಮುಖ ಅರಳಿತು. ಕಷ್ಟದ ಪರೀಕ್ಷೆಯೇ ಎಂದು ಕೇಳಿದಳು. ತುಂಬಾ ಕಷ್ಟದ್ದು ಎಂದೆ. ಎರಡೂ ಕೈ ಸೇರಿಸಿ ಎದೆಗೆ ಒತ್ತಿಕೊಂಡಳು. ಆಮೇಲೆ ಏನೋ ಹೊಳೆದವಳಂತೆ ನನ್ನ ಮಣಿಕಟ್ಟು ಹಿಡಿದಳು.

"ಅವಳಿಗೆ ಹೇಳಿದ್ರಾ?"

"ಇನ್ನೂ ಇಲ್ಲ."

"ಮೊದಲು ಅವಳಿಗೆ ಹೇಳಿ ಟೀಚರೇ. ಪಾಪ, ಹೆದರಿಕೊಂಡು ಕೂತಿರ್ತಾಳೆ. ಚಿಕ್ಕವಳಿದ್ದಾಗಿಂದ ಹಾಗೇ ಅವಳು. ಹೊರಗೆ ತೋರಿಸಿಕೊಳ್ಳಲ್ಲ ಅಷ್ಟೇ. ಹೋಗಿ, ಬೇಗ ಹೇಳಿ ಬನ್ನಿ."

ಎದ್ದು ಹೊರಗೆ ಹೋದೆ. ನಡುಮನೆಯಲ್ಲಿ ಗೋಡೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತೆ. ಮುಖ ಒರೆಸಿಕೊಂಡು ಒಳಗೆ ಬಂದೆ. ಅಮ್ಮ ಬಾಗಿಲನ್ನೇ ನೋಡುತ್ತಿದ್ದಳು.

"ಹೇಳಿದ್ರಾ?"

"ಹೇಳಿದೆ."

"ಏನಂದಳು?"

"ಖುಷಿಯಾಯ್ತಂತೆ. ಆದ್ರೂ ಇನ್ನೂ ಸ್ವಲ್ಪ ಭಯ ಇದೆ ಅಂದಳು."

"ಇರುತ್ತೆ ಬಿಡಿ," ಅಂದಳು ಅಮ್ಮ. "ನಾನಿದ್ದೀನಿ ಅಂತ ಹೇಳಿ."